ಬೆಂಕಿಯ ಉಂಡೆಯೂ ಚೌಕದ ಮನೆಯೂ

ಬೇಸಿಗೆಯ ರಜೆ ಬಂದಿತೆಂದರೆ ಬಾಗಲವಾಡದ ನಮ್ಮ ಮನೆಯ ಪಡಸಾಲೆ ಮೊಮ್ಮಕ್ಕಳ ರಣರಂಗವಾಗುತ್ತದೆ. ಶಹಾಬಾದಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದೂವರೆ ಅಂಗುಲದ ಮನೆಗಳನ್ನು ಗೀಚಿದರೆ ಯುದ್ಧಭೂಮಿ ಸಿದ್ಧ. ಹುಣಸೆಬೀಜಗಳೇ ರಕ್ಕಸರು, ಅಜ್ಜಿಯ ಪುಟ್ಟ ಕುಂಕುಮದ ಭರಣಿ ಮೊಮ್ಮಗಳ ವೀರವನಿತೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಇದನ್ನು ಹೊರತಂದರು. ಒಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ದಾಳ ಉರುಳಿಸುತ್ತ ಕಥೆಯನ್ನು ತಿಂಗಳುಗಟ್ಟಲೆ ಬೆಳೆಸುತ್ತಾರೆ. ಮೊಮ್ಮಗಳು ತನ್ನ ವೀರವನಿತೆಯನ್ನು ದೀಪಾವಳಿಯಿಂದ ಸಾಕಿಕೊಂಡು ಬಂದಿದ್ದಳು.

ಮೊನ್ನೆ ಅವಳ ತಮ್ಮನು ಮಾಂತ್ರಿಕನಾಗಿ ರಕ್ಕಸರ ನಡುವೆ ಬೆಂಕಿಯ ಉಂಡೆಯನ್ನು ಎಸೆದ. ಈ ಮಂತ್ರದ ವ್ಯಾಪ್ತಿ ಸುತ್ತಲೂ ೨೦ ಅಡಿ. ಮನೆಯೊಂದಕ್ಕೆ ೫ ಅಡಿಯಂತೆ ನಾಲ್ಕು ಮನೆ. ಆರು ಮುಖದ ಎಂಟು ದಾಳಗಳ ಪೆಟ್ಟು. ತಪ್ಪಿಸಿಕೊಂಡು ಅರ್ಧವೇ ತಗಲಿದರೂ ೪ಕ್ಕೆ ಕಡಿಮೆಯಿಲ್ಲ. ವೀರವನಿತೆಯಲ್ಲಿ ಉಳಿದಿದ್ದ ಪ್ರಾಣಾಂಕ ೩. ಅವಳು ನಿಂತಿದ್ದದ್ದು, ಉಂಡೆ ಬಿದ್ದ ಗೆರೆಗಳ ಕೂಡುವಿಕೆಯಿಂದ ಉದ್ದಕ್ಕೆ ನಾಲ್ಕನೆಯ, ಅಡ್ಡಕ್ಕೆ ಎರಡನೆಯ ಮನೆಯಲ್ಲಿ.

“ಅಜ್ಜಾ, ನೀವ ಹೇಳ್ರಿ, ನಾ ಸುಟ್ಟೀನೋ ಉಳದೀನೋ?”

ನಮ್ಮ ಹುಲಿ–ಕುರಿ ಆಟದಲ್ಲಿ ಈ ಜಗಳಕ್ಕೆ ಎಡೆಯಿಲ್ಲ. ಗೆರೆಯಿದ್ದರೆ ಹುಲಿಗೆ ದಾರಿ, ಇಲ್ಲದಿದ್ದರೆ ಇಲ್ಲ. ಬೆಂಕಿಯಾದರೋ ದುಂಡಗೆ ಹರಡುತ್ತದೆ, ಮನೆಗಳು ಚೌಕವಾಗಿವೆ. ದುಂಡನ್ನು ಚೌಕಕ್ಕೆ ಹೊಂದಿಸುವ ಪಾಡು ಹೊಸದೇನಲ್ಲ. ಯಜ್ಞವೇದಿಗಳನ್ನು ಅಳೆದ ಬೌಧಾಯನ ಶುಲ್ಬಸೂತ್ರದಲ್ಲಿಯೂ ಚೌಕವನ್ನು ವೃತ್ತವಾಗಿಸುವ ಕ್ರಮವಿದೆ.

ಹುಡುಗರ ಲೆಕ್ಕ ಮೂರು ಬಗೆಯದು. ಮೂಲೆಯಿಂದ ಮೂಲೆಗೆ ಇಟ್ಟ ಹೆಜ್ಜೆಯನ್ನೂ ಒಂದೇ ಮನೆಯೆಂದು ಎಣಿಸಿದರೆ ಎಣಿಕೆ ಬಲು ಸುಲಭ. ಆದರೆ ದುಂಡಾದ ಬೆಂಕಿ ಎಂಟು ಮನೆ ಉದ್ದ, ಎಂಟು ಮನೆ ಅಗಲದ ಚೌಕವಾಗಿ ೬೪ ಮನೆಗಳನ್ನು ನುಂಗುತ್ತದೆ. ಅದರ ಮೂಲೆಮನೆಯ ನಡುವು ಉಂಡೆಯಿಂದ ಸುಮಾರು ೨೫ ಅಡಿ ದೂರ! ೨೦೦೩ರ ನಿಯಮಪುಸ್ತಕವು ಮೊದಲ ಓರೆಹೆಜ್ಜೆಗೆ ಒಂದು, ಎರಡನೆಯದಕ್ಕೆ ಎರಡು ಎಂದು ಸರದಿಯಲ್ಲಿ ಎಣಿಸುತ್ತದೆ. ಆಗ ಸುಡುವುದು ೪೪ ಮನೆ. ೨೦೧೪ರ ಸೂತ್ರಧಾರರ ಪುಸ್ತಕದ ಪ್ರಕಾರ, ವೃತ್ತವು ಮನೆಯ ಅರ್ಧದಷ್ಟನ್ನಾದರೂ ಆವರಿಸಿದರೆ ಅದು ಸುಟ್ಟಂತೆ. ಎಣಿಸಿ ನೋಡಿದೆ, ೫೨ ಬಂದವು. ನಿಜವಾದ ವೃತ್ತದ ಕ್ಷೇತ್ರಫಲ ಐವತ್ತು ಮನೆಗಳಿಗಿಂತ ತುಸು ಹೆಚ್ಚು. ಹೀಗಾಗಿ ಸತ್ಯಕ್ಕೆ ಹತ್ತಿರವಾದದ್ದು ಈ ಕೊನೆಯದೇ.

ಸತ್ಯಕ್ಕೆ ಹತ್ತಿರವಾದ ಲೆಕ್ಕದಲ್ಲಿ ಮೊಮ್ಮಗಳು ಸುಡುತ್ತಾಳೆ. ಮೊದಲ ಲೆಕ್ಕದಲ್ಲಿಯೂ ಸುಡುತ್ತಾಳೆ. ಸರದಿಯ ಲೆಕ್ಕದಲ್ಲಿ ಮಾತ್ರ ಅವಳ ಮನೆಯ ಆಚೆಯ ಮೂಲೆಗೆ ಎರಡು ಓರೆ, ಎರಡು ನೇರ. ಒಟ್ಟು ಐದು ಮನೆ, ೨೫ ಅಡಿ. ಉಳಿಯುತ್ತಾಳೆ.

ಮಾಂತ್ರಿಕನು ಅರ್ಧಮನೆಯ ನಿಯಮವನ್ನೇ ಹಿಡಿದು ಕುಳಿತ. ನಾನು ಸೂತ್ರಧಾರನಾದ ಹಿರಿಯ ಮೊಮ್ಮಗನನ್ನು ಕೇಳಿದೆ: “ಬೆಳಗಿನಿಂದ ಓರೆಯಾಗಿ ನಡೆದವರ ಹೆಜ್ಜೆಯನ್ನು ಹೇಗೆ ಎಣಿಸಿದಿರಿ?” ಒಂದು, ಎರಡು ಎಂದು ಸರದಿಯಲ್ಲಿಯೇ ಎಣಿಸಿದ್ದರಂತೆ. ಹಾಗಾದರೆ ಕಾಲಿಗೆ ಒಂದು ಕೋಲು, ಬೆಂಕಿಗೆ ಇನ್ನೊಂದು ಕೋಲು ಎಲ್ಲಿಯ ನ್ಯಾಯ? ಅರ್ಧಮನೆಯ ನಿಯಮ ಬೇಕೆನಿಸಿದರೆ ಉಂಡೆಯನ್ನು ಎಸೆಯುವ ಮೊದಲು ಹೇಳಬೇಕಾಗಿತ್ತು. ಯಾರು ಸುಡುತ್ತಾರೆಂದು ಕಂಡ ಮೇಲೆ ಆರಿಸಿದ ಅಳತೆಯನ್ನು ನಾನಂತೂ ಒಪ್ಪಲಾರೆ. ಭರಣಿ ತನ್ನ ಮನೆಯಲ್ಲಿಯೇ ಉಳಿಯಿತು. ಮಾಂತ್ರಿಕನು ಆ ರಾತ್ರಿ ನನ್ನ ಪಕ್ಕದಲ್ಲಿ ಊಟಕ್ಕೆ ಕೂರಲಿಲ್ಲ.

ಮರುದಿನ ಮೂವರೂ ಸೇರಿ ಅರ್ಧಮನೆಯ ನಿಯಮವನ್ನೇ ಒಪ್ಪಿಕೊಂಡರು. ಆದರೆ ಪ್ರತಿ ಸಲವೂ ನೆಲದ ಮೇಲೆ ವೃತ್ತ ಎಳೆಯುವವರು ಯಾರು? ಅಡುಗೆಮನೆಯಿಂದ ಅಜ್ಜಿ ಊಟದ ತಟ್ಟೆಯೊಂದನ್ನು ತಂದು ಗೆರೆಗಳ ಮೇಲೆ ಬೋರಲು ಹಾಕಿದಳು. ಹನ್ನೆರಡು ಅಂಗುಲದ ತಟ್ಟೆ. ಸರಿಯಾಗಿ ಎಂಟು ಮನೆ. ಆಟ ಮುಗಿದ ಮೇಲೆ ತೊಳೆದು ಕೊಡಬೇಕೆಂಬುದಷ್ಟೇ ಅವಳ ಕರಾರು.