ಸೋತ ತಂಡದ ಆಚಾರ್ಯ

ಹಾಕಿಯ ವಿಷಯದಲ್ಲಿ ನಮ್ಮ ನಾಪೋಕ್ಲಿನವರಿಗೆ ಸ್ವಂತ ಅಭಿಪ್ರಾಯವಿಲ್ಲವೆಂಬ ಅಪವಾದವನ್ನು ಈವರೆಗೆ ಯಾರೂ ಹೊರಿಸಿಲ್ಲ. ಕಾಫಿಯ ಧಾರಣೆ ಇಳಿದರೆ ಎರಡು ದಿನ ಮಾತನಾಡುವರು. ಭಾರತದ ತಂಡ ಸೋತರೆ ಹದಿನೈದು ದಿನ. ಆ ಹದಿನೈದು ದಿನಗಳ ವಾಗ್ವಾದವೆಲ್ಲವೂ ಕಟ್ಟಕಡೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ: ಈ ಕೋಚನ್ನು ಇರಿಸಿಕೊಳ್ಳತಕ್ಕದ್ದೇ, ಬೀಳ್ಕೊಡತಕ್ಕದ್ದೇ? ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಆಟದ ಮಾತೇಕೆಂದು ವಾಚಕರು ಹುಬ್ಬು ಗಂಟಿಕ್ಕಬಾರದು. ಕಲಿಸುವವನ ಅನ್ನದ ಪ್ರಶ್ನೆ ಎಲ್ಲಿ ಏಳುವುದೋ ಅಲ್ಲಿ ಶಾಲಾಮಾಸ್ತರನಾಗಿದ್ದವನು ಬಾಯಿ ಮುಚ್ಚಿಕೊಂಡು ಕುಳಿತಿರಲಾರನು.

2023ನೆಯ ಇಸವಿಯ ಜನವರಿಯಲ್ಲಿ ಒಡಿಶಾದಲ್ಲಿ ವಿಶ್ವಕಪ್ಪಿನ ಪಂದ್ಯಗಳು ನಡೆದುವಷ್ಟೆ. ಭುವನೇಶ್ವರದಲ್ಲಿ ನ್ಯೂಜಿಲೆಂಡಿನವರೆದುರು ನಮ್ಮವರು ಕೈಯಲ್ಲಿದ್ದ ಮುನ್ನಡೆಯನ್ನು ಬಿಟ್ಟುಕೊಟ್ಟು, 3-3ರಲ್ಲಿ ಸಮನಾಗಿ, ಕೊನೆಗೆ ಷೂಟೌಟಿನಲ್ಲಿ ಸೋತು, ಕ್ವಾರ್ಟರ್ ಫೈನಲನ್ನೂ ಕಾಣದೆ ಹೊರಬಿದ್ದರು. ಆಗ ಕೋಚಾಗಿದ್ದವರು ಆಸ್ಟ್ರೇಲಿಯದ ಗ್ರಹಾಂ ರೀಡ್. ಅವರನ್ನು ಕಳುಹಿಸಬೇಕೆಂದವರ ವಾದವು ದುರ್ಬಲವಾದುದೇನೂ ಅಲ್ಲ. ಸ್ವದೇಶದ ಮೈದಾನ, ಸ್ವಜನರ ಜಯಘೋಷ, ನಾಲ್ಕು ವರ್ಷಗಳ ಸಿದ್ಧತೆ. ಇಷ್ಟೆಲ್ಲ ಇದ್ದೂ ಪೆನಾಲ್ಟಿ ಕಾರ್ನರುಗಳು ಗೋಲಾಗಲಿಲ್ಲವೆಂದರೆ ಹೊಣೆಗಾರನು ಯಾರು? ಇರಲಿ ಎಂದವರು 2021ನೆಯ ಆಗಸ್ಟ್ 5ರ ಬೆಳಗನ್ನು ನೆನಪಿಗೆ ತಂದರು. ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಗೆದ್ದು, 1980ರ ಮಾಸ್ಕೋ ಸುವರ್ಣದ ತರುವಾಯ 41 ವರ್ಷಗಳಿಗೆ ಒಲಿಂಪಿಕ್ ಪದಕವನ್ನು ಮನೆಗೆ ತಂದದ್ದು ಇದೇ ರೀಡರ ಶಿಷ್ಯವರ್ಗವಲ್ಲವೆ? ವಾದವಿನ್ನೂ ಬಿಸಿಯಾಗಿರುವಾಗಲೇ, ಜನವರಿ 30ರಂದು, ರೀಡರು ತಾವಾಗಿಯೇ ರಾಜೀನಾಮೆಯಿತ್ತರು.

ಅವರ ತರುವಾಯ ದಕ್ಷಿಣ ಆಫ್ರಿಕದ ಕ್ರೇಗ್ ಫುಲ್ಟನ್ ಬಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಸುವರ್ಣ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪೇನನ್ನು 2-1ರಿಂದ ಸೋಲಿಸಿ ಮತ್ತೆ ಕಂಚು. “ಕಳುಹಿಸಿದ್ದೇ ಒಳ್ಳೆಯದಾಯಿತು, ಕಂಡಿರಾ?” ಎಂದು ಮೊದಲನೆಯ ಪಕ್ಷದವರು ಮೀಸೆ ತಿರುವಿದರು. ಅವರು ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ವಿಶ್ವಕಪ್ಪಿನಲ್ಲಿ ಸೋತೊಡನೆ, ಈ ತಂಡಕ್ಕೆ ಮನೋಬಲವನ್ನು ಕಲಿಸುವವರೊಬ್ಬರು ಬೇಕೆಂದು ರೀಡರು ಬಾಯಿಬಿಟ್ಟು ಹೇಳಿದ್ದರು. ಅಂಥವರು ಬಂದರು, 2011ರ ಕ್ರಿಕೆಟ್ ವಿಶ್ವಕಪ್ಪಿನ ತಂಡದೊಡನೆ ಇದ್ದ ಪ್ಯಾಡಿ ಅಪ್ಟನ್ನರೇ ಬಂದರು. ಆದರೆ ಬಂದದ್ದು ಕೇಳಿದವರು ಹೋದ ಮೇಲೆ. ಆಟಗಾರರಲ್ಲಿಯೂ ಬಹುಮಂದಿ ರೀಡರು ಪಳಗಿಸಿದವರೇ ಆಗಿದ್ದರು. ಕಾಫಿಯ ಗಿಡ ನೆಟ್ಟವನು ಮೂರು ನಾಲ್ಕು ವರ್ಷ ಕಾಯಬೇಕೆಂಬುದನ್ನು ಕೊಡಗಿನವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ತೋಟ ಕೈಬದಲಾದ ವರ್ಷವೇ ಫಸಲು ಬಂದರೆ ಕೊಂಡವನು ತಾನೇ ಬೆಳೆದೆನೆಂದು ಹೇಳಿಕೊಳ್ಳುವುದುಂಟು. ನೆರೆಯವರು ಅದನ್ನು ನಂಬುವುದಿಲ್ಲ. ಫುಲ್ಟನ್ನರ ಶ್ರಮವನ್ನು ಇಲ್ಲಿ ಹಳಿಯುತ್ತಿಲ್ಲ. ಫಲದ ಒಡೆತನವನ್ನು ನಿರ್ಣಯಿಸುವುದು ನಾವು ತಿಳಿದಷ್ಟು ಸುಲಭವಲ್ಲವೆಂದಷ್ಟೇ ತಾತ್ಪರ್ಯ.

ಕಲಿಸುವವನನ್ನು ಕಲಿತವನ ಮೂಲಕ ಅಳೆಯುವ ಈ ಪದ್ಧತಿ ಹೊಸದಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲೆಂಬ ವಿವಾದವುಂಟಾಗಿ, ಅದು ರಾಜನ ಸನ್ನಿಧಿಗೆ ಬರುತ್ತದೆ. ತೀರ್ಪು ಹೇಳಲು ಪರಿವ್ರಾಜಿಕೆಯೊಬ್ಬಳನ್ನು ಕೂರಿಸುತ್ತಾರೆ. ಆಚಾರ್ಯರು ತಾವು ಕುಣಿಯುವುದು ಬೇಡ, ಶಿಷ್ಯೆಯರ ಪ್ರದರ್ಶನದಿಂದಲೇ ನಿರ್ಣಯವಾಗಲಿ ಎಂದು ಗೊತ್ತಾಗುತ್ತದೆ. ಕ್ರಮವೇನೋ ನ್ಯಾಯವಾದುದೇ. ಆದರೆ ಈ ಏರ್ಪಾಡಿನ ಹಿಂದೆ ಇದ್ದುದು ವಿದೂಷಕನ ಉಪಾಯ. ಗಣದಾಸನ ಶಿಷ್ಯೆಯಾದ ಮಾಲವಿಕೆಯನ್ನು ರಾಜನು ಕಣ್ತುಂಬ ನೋಡಬೇಕೆಂಬುದೊಂದೇ ಅಲ್ಲಿಯ ಉದ್ದೇಶ. ಅವಳ ನಾಟ್ಯ ಮುಗಿಯಿತು. ಹರದತ್ತನು ತನ್ನ ಸರದಿಗಾಗಿ ಕಾದು ನಿಂತಿದ್ದಾನೆ. ಅಷ್ಟರಲ್ಲಿ ಮಧ್ಯಾಹ್ನವಾಯಿತು, ಭೋಜನದ ಹೊತ್ತಾಯಿತು, ನಾಳೆ ನೋಡೋಣವೆಂದು ಸಭೆ ಏಳುತ್ತದೆ. ಹರದತ್ತನ ಶಿಷ್ಯೆ ಹೇಗೆ ಕುಣಿಯುತ್ತಿದ್ದಳೆಂಬುದು ಇಂದಿಗೂ ಯಾರಿಗೂ ತಿಳಿಯದು. ತರಗತಿಯಲ್ಲಿ ಹುಡುಗರು ಈ ಘಟ್ಟಕ್ಕೆ ನಗುತ್ತಿದ್ದರು. ನನಗೆ ಮಾತ್ರ ಆ ಹರದತ್ತನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು.

ನಮ್ಮ ಹಾಕಿಯ ಚರಿತ್ರೆಯಲ್ಲಿ ಹರದತ್ತರು ಒಬ್ಬಿಬ್ಬರಲ್ಲ. 1998ರಲ್ಲಿ ಬ್ಯಾಂಕಾಕಿನಲ್ಲಿ 32 ವರ್ಷಗಳ ಬಳಿಕ ಏಷ್ಯನ್ ಕ್ರೀಡೆಗಳ ಸುವರ್ಣ ದೊರೆಯಿತು, ಕೋಚಾಗಿದ್ದ ಎಂ.ಕೆ. ಕೌಶಿಕರನ್ನೂ ಕೆಲವು ಆಟಗಾರರನ್ನೂ ಅದರ ಬೆನ್ನಿಗೇ ಕೈಬಿಡಲಾಯಿತು. ಸೋತುದಕ್ಕೆ ದಂಡನೆಯನ್ನು ಕೇಳಿದ್ದೇವೆ, ಇದು ಗೆದ್ದುದಕ್ಕೆ. 2017ರ ಸೆಪ್ಟೆಂಬರಿನಲ್ಲಿ ರೋಲಂಟ್ ಓಲ್ಟ್‌ಮನ್ಸರನ್ನು ತೆಗೆದರು. ವನಿತೆಯರ ತಂಡವನ್ನು ನೋಡಿಕೊಳ್ಳುತ್ತಿದ್ದ ಷೋರ್ಡ್ ಮರೀನೆಯವರನ್ನು ಅಲ್ಲಿಂದೆತ್ತಿ ಪುರುಷರ ತಂಡಕ್ಕೆ ಹಾಕಿದರು. 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಪದಕ ಬರಲಿಲ್ಲವಾಗಿ ಅವರನ್ನು ಮರಳಿ ವನಿತೆಯರ ಕಡೆಗೆ ಕಳುಹಿಸಿ, ಹರೇಂದ್ರ ಸಿಂಗರನ್ನು ತಂದರು. ಅವರನ್ನು 2019ರ ಜನವರಿಯಲ್ಲಿ ಬಿಟ್ಟರು. ಏಪ್ರಿಲಿನಲ್ಲಿ ರೀಡರು ಬಂದರು. ಇಪ್ಪತ್ತು ತಿಂಗಳೊಳಗೆ ನಾಲ್ವರು! ಒಂದು ತರಗತಿಗೆ ಅಷ್ಟರೊಳಗೆ ನಾಲ್ವರು ಉಪಾಧ್ಯಾಯರು ಬಂದುಹೋದರೆ ಮಕ್ಕಳು ಏನನ್ನು ಕಲಿತಾರು? ಮಗ್ಗಿಯನ್ನು ನಾಲ್ಕು ರಾಗಗಳಲ್ಲಿ ಹೇಳಲು ಕಲಿತಾರು.

ಪುರುಷರಿಗೆ ಸಲ್ಲದವರೆಂದು ಹಿಂದಕ್ಕೆ ಕಳುಹಿಸಲ್ಪಟ್ಟ ಆ ಮರೀನೆಯವರೇ ಟೋಕಿಯೋದಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನದವರೆಗೆ ಕರೆದೊಯ್ದರು. ಅಂಥ ಸ್ಥಾನ ಅವರಿಗೆ ನಾಲ್ಕು ದಶಕಗಳಿಂದ ದೊರೆತಿರಲಿಲ್ಲ. ಗುರುವೊಬ್ಬನೇ, ತೀರ್ಪು ಎರಡು.

ಇನ್ನು ಶಿಷ್ಯನಿಗೆ ಗುರುವು ಒಗ್ಗದಿರುವ ಪ್ರಸಂಗ. ಬೆಂಗಳೂರಿನ ಅನಿಲ್ ಕುಂಬ್ಳೆಯವರು 2016ರ ಜೂನಿನಿಂದ ಒಂದು ವರ್ಷ ಭಾರತದ ಕ್ರಿಕೆಟ್ ಕೋಚಾಗಿದ್ದರು. ಆ ಅವಧಿಯ 17 ಟೆಸ್ಟುಗಳಲ್ಲಿ 12 ಗೆಲವು, ಒಂದೇ ಸೋಲು. 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಫೈನಲಿನಲ್ಲಿ ಪಾಕಿಸ್ತಾನದೆದುರು ಸೋತರು. 20ರಂದು ಅವರು ಪದವಿಯನ್ನು ತ್ಯಜಿಸಿದರು. ತಮ್ಮ ರೀತಿ ನಾಯಕರಿಗೆ ಹಿಡಿಸುತ್ತಿಲ್ಲವೆಂದು ತಿಳಿದುಬಂದುದೇ ಕಾರಣವೆಂದೂ, ಕೋಚಾದವನ ಕೆಲಸ ಕನ್ನಡಿ ಹಿಡಿಯುವುದೆಂದೂ ಬರೆದು ಹೊರಟರು. ಅಂದು ಕನ್ನಡನಾಡಿನಲ್ಲಿ ಎದ್ದ ಕೋಪವನ್ನು ಬಲ್ಲೆನು. ಅದರಲ್ಲಿ ಅರ್ಧ ನಾಡಭಿಮಾನ. ಮಿಕ್ಕರ್ಧದಲ್ಲಿ ನ್ಯಾಯವಿತ್ತು. ಮೂವತ್ತಕ್ಕೆ ಸಮೀಪಿಸಿದ, ಲೋಕಪ್ರಸಿದ್ಧರಾದ ಗಂಡಸರನ್ನು ಹೈಸ್ಕೂಲಿನ ಬಾಲಕರಂತೆ ನಡೆಸಲಾಗದೆಂಬುದೂ ಒಪ್ಪತಕ್ಕ ಮಾತೇ. ಕಿವಿಗೇ ಹೋಗದ ಉಪದೇಶದಿಂದ ಪ್ರಯೋಜನವಿಲ್ಲ. ಆದರೆ ಕನ್ನಡಿಯನ್ನು ಒಡೆದವನ ಮುಖವು ಅಷ್ಟರಿಂದಲೇ ಚೆಲುವಾಗುವುದೆಂದು ನಾನು ನಂಬಲಾರೆ. ರಾಹುಲ್ ದ್ರಾವಿಡರ ಪುಣ್ಯ ಬೇರೆ. 2023ರ ನವೆಂಬರ್ 19ರ ಫೈನಲಿನ ಸೋಲಿನ ಮೇಲೆಯೂ ಅವರನ್ನೇ ಮುಂದುವರಿಸಿದರು. ಮರುವರ್ಷ ಜೂನ್ 29ರಂದು ಬಾರ್ಬಡೋಸಿನಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪು ಬಂದಿತು.

ಹಾಗಾದರೆ ಕೋಚನ್ನು ಎಂದೂ ತೆಗೆಯಬಾರದೆ? ತೆಗೆಯಬಹುದು. ಪದವಿಯು ಯಾರಿಗೂ ಉಂಬಳಿಯಲ್ಲ. ತೆಗೆಯುವವರು ಒಂದು ಪಂದ್ಯದ ಅಂಕಿಯನ್ನು ಬದಿಗಿಟ್ಟು, ಈತನ ಕೈಗೆ ಬಂದ ಹುಡುಗನು ಬಂದಾಗ ಹೇಗಿದ್ದನು, ಈಗ ಹೇಗಿದ್ದಾನೆ, ಈತನು ಕೇಳಿದ್ದನ್ನು ನಾವು ಕೊಟ್ಟೆವೆ ಎಂದು ವಿಚಾರಿಸಲಿ. ಪೊನ್ನಂಪೇಟೆ, ಕೂಡಿಗೆಗಳ ಕ್ರೀಡಾನಿಲಯಗಳಿಗೆ ಮಕ್ಕಳನ್ನು ಕಳುಹಿಸಿರುವ ತಾಯ್ತಂದೆಗಳಿಗೂ ಇದನ್ನೇ ಹೇಳುವೆನು. ಜಿಲ್ಲಾಮಟ್ಟದಲ್ಲಿ ಒಮ್ಮೆ ಸೋತೊಡನೆ ಕಲಿಸುವವರ ಮೇಲೆ ಅರ್ಜಿ ಬರೆಯಲು ಕೂರಬೇಡಿರಿ. ಮಗುವನ್ನು ಕರೆದು, ಈ ವರ್ಷ ಹೊಸತಾಗಿ ಏನು ಕಲಿತೆಯೆಂದು ಕೇಳಿರಿ. ಅದು ಉತ್ತರಿಸಲು ತಡವರಿಸಿದರೆ ಆಗ ಬರೆಯಿರಿ.

ನಮ್ಮೂರಿನ ಹುಡುಗರು ಇದಕ್ಕೆ ಒಪ್ಪುವುದಿಲ್ಲ. “ಮಾಷ್ಟ್ರೇ, ದುಡ್ಡು ತೆಗೆದುಕೊಂಡ ಮೇಲೆ ಗೆಲ್ಲಿಸಬೇಕು” ಎನ್ನುವರು. ಅವರಿಗೆ ನಾನು ತೋರಿಸುವುದು ಅವರದೇ ಉತ್ಸವವನ್ನು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಪಕ್ಕದ ಕರಡದಲ್ಲಿ ಆರಂಭಿಸಿದ ಕೊಡವ ಒಕ್ಕಗಳ ಹಾಕಿಯಲ್ಲಿ ಅಂದು 60 ಒಕ್ಕಗಳಿದ್ದುವು. 2024ರಲ್ಲಿ ಇದೇ ನಾಪೋಕ್ಲಿನಲ್ಲಿ ಕುಂಡ್ಯೋಳಂಡದವರು ನಡೆಸಿದಾಗ 360. ಅಷ್ಟು ತಂಡಗಳಲ್ಲಿ ಒಂದರ ಹೊರತು ಮಿಕ್ಕವೆಲ್ಲವೂ ಸೋತೇ ಹೋಗಬೇಕಷ್ಟೆ. ಅಲ್ಲಿ ಒಕ್ಕದ ತಂಡಕ್ಕೆ ಕೋಲು ಹಿಡಿಯಲು ಕಲಿಸಿದವನು ಚಿಕ್ಕಪ್ಪನೋ ಸೋದರತ್ತೆಯೋ ಆಗಿರುವರು. ಸೋತು ಬಂದವರೆಲ್ಲ ಆ ಚಿಕ್ಕಪ್ಪನ ಜೀಪಿನಲ್ಲಿಯೇ ಕುಳಿತು, ಅವನನ್ನೇ ಬೈಯುತ್ತ, ಮನೆಗೆ ಹೋಗುತ್ತಾರೆ. ಮರುವರ್ಷದ ಉತ್ಸವಕ್ಕೆ ಹುಡುಗರನ್ನು ಅಣಿಮಾಡಲು ಮತ್ತೆ ಅವನೇ ಬರುತ್ತಾನೆ.