ಪುಟಿನ್‌ಗೆ ‘ಬೇಡ’ ಅನ್ನೋರು ಯಾರು?

ಪುಟಿನ್ ಮುಂದೆ ಎಲ್ಲಿಗೆ ನುಗ್ಗಬಹುದು ಅನ್ನೋ ಪ್ರಶ್ನೆ ಬಂದಾಗಲೆಲ್ಲ ಎಲ್ಲರೂ ನಕ್ಷೆ ಬಿಚ್ಚಿ ಕೂರ್ತಾರೆ. ನಾನು ಮತ್ತೆ ಮತ್ತೆ ನೋಡೋದು 2022ರ ಫೆಬ್ರವರಿ 21ರ ಒಂದು ವಿಡಿಯೊ. ರಷ್ಯಾದ ಭದ್ರತಾ ಮಂಡಳಿಯ ಸಭೆ. ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಸೆರ್ಗೆಯ್ ನರಿಶ್ಕಿನ್ ತೊದಲುತ್ತಾರೆ. ‘ನೇರವಾಗಿ ಹೇಳಿ’ ಅಂತ ಪುಟಿನ್ ಟಿವಿ ಕ್ಯಾಮೆರಾ ಮುಂದೆಯೇ ಗದರುತ್ತಾರೆ. ಗೂಢಚಾರರ ಮುಖ್ಯಸ್ಥನಿಗೇ ಬಾಯಿ ಕಟ್ಟಿತ್ತು. ಮೂರೇ ದಿನಕ್ಕೆ ಸೇನೆ ಉಕ್ರೇನ್‌ಗೆ ನುಗ್ಗಿತು.

ನ್ಯಾಟೊ ಹತ್ತಿರ ಬರ್ತಿದೆ ಅನ್ನೋದು ಆಗ ಕೊಟ್ಟ ನೆಪಗಳಲ್ಲಿ ಒಂದು. ಆಗಿದ್ದೇನು? ರಷ್ಯಾ ಜೊತೆ ಸುಮಾರು 1,340 ಕಿ.ಮೀ. ಗಡಿ ಇರುವ ಫಿನ್ಲೆಂಡ್ 2023ರಲ್ಲಿ ನ್ಯಾಟೊ ಸೇರಿತು, ಮರುವರ್ಷ ಸ್ವೀಡನ್. ಲೆಕ್ಕ ತಪ್ಪಿತು ಅಂತ ಆ ಸಭೆಯಲ್ಲಿ ಕೂತಿದ್ದವರು ಬಹಿರಂಗವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಹಾಗಾದರೆ ಮುಂದೆ? ಮಾಲ್ಡೋವಾಗೆ ನ್ಯಾಟೊ ರಕ್ಷಣೆ ಇಲ್ಲ, ಅದರ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯಾದ ಸೈನಿಕರು ಈಗಾಗಲೇ ಇದ್ದಾರೆ. ಆದರೆ ಉಕ್ರೇನಿನ ಒಡೆಸಾ ಸೀಮೆ ದಾಟದೆ ಅಲ್ಲಿಗೆ ದಾರಿಯಿಲ್ಲ. ಇನ್ನು 2022ರ ಜೂನ್‌ನಲ್ಲಿ ಪುಟಿನ್ ತಮ್ಮನ್ನು ಸಾಮ್ರಾಟ ಪೀಟರ್‌ಗೆ ಹೋಲಿಸಿಕೊಳ್ಳುತ್ತಾ ನಾರ್ವಾ ಹೆಸರೆತ್ತಿದ್ದರು. ಅದು ಇಂದು ಎಸ್ಟೋನಿಯಾದ ಊರು, ಬಹುತೇಕರ ಮಾತು ರಷ್ಯನ್. ನ್ಯಾಟೊ ಸದಸ್ಯ ದೇಶಕ್ಕೆ ಕೈ ಹಾಕೋದು ಶುದ್ಧ ಹುಚ್ಚುತನ ಅಂತ ಗೆಳೆಯರು ನಗ್ತಾರೆ. ಇರಬಹುದು. ಉಕ್ರೇನ್ ವಿಷಯದಲ್ಲೂ ಇದೇ ಮಾತು ಆಡಿದ್ವಿ, ನಾನೂ ಸೇರಿ.