ಗ್ರಿಲ್ಲಿನ ಹಳದಿ-ಕೆಂಪು

ಚನ್ನಗಿರಿಯ ಅಡಕೆ, ಹೊನ್ನಾಳಿ-ನ್ಯಾಮತಿಗಳ ಭತ್ತ, ಜಗಳೂರಿನ ಮೆಕ್ಕೆಜೋಳ ಹೊರುವ ಪಿಕಪ್ ಗಾಡಿಗಳ ಮುಂದಿನ ಗ್ರಿಲ್ಲಿಗೆ ಕನ್ನಡ ಬಾವುಟದ ಹಳದಿ-ಕೆಂಪು ಪಟ್ಟಿ ಬಳಿಸುವುದನ್ನು ಕಂಡು ಮೂಗು ಮುರಿಯುವ ವಿದ್ಯಾವಂತರೊಡನೆ ನನಗೆ ಜಗಳವಿದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದವರ ಮೊಮ್ಮಕ್ಕಳು, ಸಾಲದ ಕಂತು ಕಟ್ಟಿ ದುಡಿಸುವ ಗಾಡಿಯನ್ನು ಸಿಂಗರಿಸಿದರೆ ಅಭಿರುಚಿ ಕೆಟ್ಟಿತೇ?

ಕಾನೂನಿನ ಮಾತು ಎತ್ತುವವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಮಾರ್ಪಾಡನ್ನು. ಎರಡು ಬೆರಳಗಲದ ಬಣ್ಣವನ್ನಲ್ಲ. (ಹೆಡ್‌ಲೈಟಿನ ಗಾಜಿಗೂ ಬಣ್ಣ ಬಳಿಯುವವರ ಪರ ನಾನು ವಾದಿಸಲಾರೆ.) ಅಷ್ಟೊಂದು ಕಾಳಜಿಯಿದ್ದರೆ ಈ ಮಹನೀಯರು ಗಾಡಿಯ ಹಿಂದಕ್ಕೆ ಬರಲಿ. ಹಿಂದೀಪ ಉರಿಯದೆ, ಹೊಳೆಯುವ ಕೆಂಪು ಪಟ್ಟಿಗೆ ಮಣ್ಣು ಮೆತ್ತಿದ ಎಷ್ಟೋ ಗಾಡಿಗಳು ಕತ್ತಲಲ್ಲಿ ನಮ್ಮ ಮಕ್ಕಳ ಬೈಕುಗಳ ಮುಂದೆ ಸಾಗುತ್ತಿವೆ. ಆ ಬಗ್ಗೆ ಇವರು ಚಕಾರವೆತ್ತಿದ್ದನ್ನು ನಾನಂತೂ ಕೇಳಿಲ್ಲ.